ಅವ್ವ ಹೇಳಿದ ಅರ್ಥ

ಆಗಿನ್ನೂ ಜಮಖಂಡಿಯಲ್ಲಿ ಮರಾಠಿ ರಾಜರ ಆಳ್ವಿಕೆ. ಆ ಸಂಸ್ಥಾನಕ್ಕೆ ಸೇರಿದ ಬನಹಟ್ಟಿಯ ನಮ್ಮ ಮನೆಯಲ್ಲಿ ಮಾತು ಕನ್ನಡ, ಶಾಲೆಯಲ್ಲಿ ಮರಾಠಿ. ಇಂಗ್ಲಿಷಿನ ಕಠಿಣ ಶಬ್ದಗಳಿಗೂ ಮಾಸ್ತರರು ಮರಾಠಿಯಲ್ಲೇ ಅರ್ಥ ಹೇಳುತ್ತಿದ್ದರು. ನಾವು ಎರಡನ್ನೂ ಗಿಣಿಯಂತೆ ಒಪ್ಪಿಸುತ್ತಿದ್ದೆವು. ಅರ್ಥದ ಅರ್ಥ ಯಾರಿಗೆ ಬೇಕಾಗಿತ್ತು?

ಅವ್ವನಿಗೆ ಬೇಕಾಗಿತ್ತು. ಆ ಬೇಸಿಗೆಯಲ್ಲಿ ಜಮಖಂಡಿಯ ಇಂಗ್ಲಿಷ್ ಶಾಲೆಯಲ್ಲಿ ಫೀ ಮಾಫಿಯ ಒಂದೇ ಒಂದು ಜಾಗಕ್ಕೆ ಪರೀಕ್ಷೆ ಇತ್ತು. ಸಿಕ್ಕರೆ ಓದು, ಇಲ್ಲವಾದರೆ ಅಪ್ಪನ ಜೊತೆ ಮಗ್ಗ. ಓಣಿಯ ಹುಡುಗರು ಚಿಣಿಪಣಿ ಆಡುವಾಗ ನಾನು ಗಂಜಿ ಹಚ್ಚಿದ ನೂಲಿನ ಹುಳಿ ವಾಸನೆಯಲ್ಲಿ ಕೂತು, ಖಾರದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮೆಲ್ಲುತ್ತ ಬಾಯಿಪಾಠ ಮಾಡುತ್ತಿದ್ದೆ.

“ಪರ್ಸಿವಿಯರನ್ಸ್ ಅಂದ್ರ ಚಿಕಾಟಿ.”

ನೂಲು ಸುತ್ತುವ ರಾಟಿ ತಿರುವುತ್ತಿದ್ದ ಅವ್ವ ಕೇಳಿದಳು, “ಚಿಕಾಟಿ ಅಂದ್ರ ಏನಲೇ?”

“ಪರ್ಸಿವಿಯರನ್ಸ್.”

“ಭಾಳ ಶಾಣ್ಯಾ ಅದಿ. ಹೋಗು, ಮಾಸ್ತರನ್ನ ಕೇಳ್ಕೊಂಡ ಬಾ.”

ಕೇಳಿ ಬಂದು ಹೇಳಿದೆ: ಎಷ್ಟೇ ಕಷ್ಟವಾದರೂ ಹಿಡಿದ ಕೆಲಸ ಬಿಡದಿರುವುದು. ಅವ್ವ ನಕ್ಕಳು. “ಸಿಕ್ಕಬಿದ್ದ ನೂಲು ಹರೀದಂಗ ಬಿಡಸ್ತೀನಲ್ಲ, ಅದ ಅಂತ ತಿಳ್ಕೊ.”

ಫ್ರುಗಾಲಿಟಿಯೂ ಹಾಗೆಯೇ ತಿಳಿಯಿತು: ಅವಳು ತುಂಡು ನೂಲನ್ನು ಎಸೆಯದೆ ಗಂಟು ಹಾಕಿ ಇಡುವುದು. ಪುಸ್ತಕದ ಶಬ್ದಗಳೆಲ್ಲ ನಮ್ಮ ಮನೆಯೊಳಗೇ ಓಡಾಡತೊಡಗಿದವು. ಓದು ಇಷ್ಟು ಸುಖ ಕೊಟ್ಟದ್ದು ಅದೊಂದೇ ಬೇಸಿಗೆ.

ಪರೀಕ್ಷೆಗೆ ಅವ್ವ ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ಪರೀಕ್ಷೆ ಮಾಡಲು ಕೂತಿದ್ದ ಜರಿ ರುಮಾಲಿನ ಸಾಹೇಬರು ಪರ್ಸಿವಿಯರನ್ಸ್ ಶಬ್ದವನ್ನೇ ಕೇಳಬೇಕೆ? ಅವ್ವನ ಬೆರಳುಗಳು ಕಣ್ಣೆದುರು ಬಂದವು. “ಸಿಕ್ಕಬಿದ್ದ ನೂಲು ಹರೀದಂಗ ಬಿಡಸೋದರಿ” ಅಂದೆ.

ಸಾಹೇಬರಿಗೆ ಕನ್ನಡ ಬರುತ್ತಿತ್ತು. ಇಂದಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. “ಇದು ಸಾಲಿ, ನಿಮ್ಮ ಮಗ್ಗದ ಮನಿ ಅಲ್ಲ. ಮರಾಠಿ ಅರ್ಥ ಹೇಳು” ಎಂದು ನಕ್ಕರು. ಉಳಿದವರೂ ನಕ್ಕರು. ದಿನವೂ ಒಪ್ಪಿಸುತ್ತಿದ್ದ ಚಿಕಾಟಿ ನಾಲಿಗೆಗೆ ಬರಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಾಗ ಬೇರೆ ಹುಡುಗನಿಗೆ ಹೋಯಿತು.

ನಡೆದದ್ದನ್ನು ಹೇಳಿದಾಗ ಅವ್ವ ರಾಟಿ ನಿಲ್ಲಿಸಿದಳು.

“ನಾ ನಡುವ ಬಾಯಿ ಹಾಕಬಾರದಿತ್ತು.”

“ನಿಂದೇನ ತಪ್ಪಿಲ್ಲ ಬಿಡ ಯವ್ವಾ” ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಸಂಸ್ಥಾನ ಹೋಯಿತು, ಶಾಲೆಗೆ ಕನ್ನಡ ಬಂತು. ಮೊಮ್ಮಗಳ ಡಿಕ್ಷನರಿಯಲ್ಲಿ ಈಗ ಅರ್ಥಗಳೆಲ್ಲ ಕನ್ನಡದಲ್ಲೇ ಇವೆ. ನೋಡಿ ಸಂತೋಷಪಡಬೇಕು, ನನಗೆ ಸಿಟ್ಟೇ ಬರುತ್ತದೆ. ಮಗ್ಗ ಅನ್ನ ಕೊಟ್ಟಿತು, ಅದನ್ನು ಹಳಿಯಲಾರೆ. ಆ ಪರೀಕ್ಷೆಯ ನಂತರವೂ ಸಿಕ್ಕಿದ ಕಾಗದವನ್ನೆಲ್ಲ ಅವ್ವನ ಮುಂದೆ ಕೂತು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಅರ್ಥ ಕೇಳಲಿ ಎಂದೇ. ಬದುಕಿರುವತನಕ ಅವಳು “ಅಂದ್ರ ಏನಲೇ?” ಎಂದು ಮತ್ತೆ ಕೇಳಲಿಲ್ಲ.