ಕೆಸರು ಕಾಣದ ಕೈ

ಮಲಯಾಳ ಸೀಮೆಯ ಚೇಕಾಡಿಯಲ್ಲಿದ್ದ ನಮ್ಮ ಮನೆಗೆ ಸ್ನೋ ಕ್ರೀಮಿನ ಕಂಪನಿಯ ಕ್ಯಾಲೆಂಡರ್ ಬಂದ ಮೇಲೆ ಅಕ್ಕ ಗದ್ದೆಗಿಳಿಯುವುದನ್ನೇ ಬಿಟ್ಟಳು. ಅದರಲ್ಲಿದ್ದ ಹೆಂಗಸು ಹಾಲಿನಷ್ಟು ಬೆಳ್ಳಗಿದ್ದಳು. ಬೆಳ್ಳಗಾದರೆ ಬಾಳೇ ಬೆಳಗುತ್ತದೆ ಎಂದು ಕೆಳಗೆ ಮಲಯಾಳದಲ್ಲಿ ಬರೆದಿತ್ತು. ನಾಟಿಯ ದಿನಗಳಲ್ಲೂ ಅಕ್ಕ ಒಳಗೇ ಕೂತು ಮುಖಕ್ಕೂ ಕೈಗೂ ಸ್ನೋ ತಿಕ್ಕುತ್ತಿದ್ದಳು. ಅವಳ ಪಾಲಿನ ನಾಟಿಯೂ ಅಮ್ಮನ ಸೊಂಟದ ಮೇಲೆ ಬಿತ್ತು. ಆ ಕ್ಯಾಲೆಂಡರಿನವಳ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆಗ ಕಾಡಂಚಿನ ಮನೆಗಳಲ್ಲೆಲ್ಲ ಪೊಲೀಸರು ನಕ್ಸಲರನ್ನು ಹುಡುಕುತ್ತಿದ್ದರು. ಹೊರಗಿನವರು ಯಾರೆಂದು ತಿಳಿಯಲು ಅಂಗೈ ನೋಡುತ್ತಿದ್ದರು. ಕೆಸರಿಗೆ ಒಡೆದ ಕೈಯಾದರೆ ಊರವರು. ನಮ್ಮ ಮನೆಗೆ ಬಂದ ಪೊಲೀಸನು ಅಮ್ಮನ ಕೈ ನೋಡಿ ಬಿಟ್ಟರೂ ಅಕ್ಕನ ಕೈ ನೋಡಿ ಬಿಡಲಿಲ್ಲ. “ಇವಳು ಇಲ್ಲಿಯವಳಲ್ಲ. ಯಾವ ಕಾಲೇಜಿಂದ ಬಂದು ಅಡಗಿದ್ದಾಳೆ?” ಎಂದು ಮಲಯಾಳದಲ್ಲಿ ಗದರಿದ.

“ನನ್ನ ಮಗ್ಳೇ ಸಾರೇ, ನಾನೇ ಹೆತ್ತದ್ದು,” ಎಂದು ಅಮ್ಮ ಅವನ ಕಾಲಿಗೆ ಬಿದ್ದಳು. ನೆರೆಮನೆಯವರು ಬಂದು ಹೌದೆಂದು ಹೇಳಿದ ಮೇಲೆ ಜೀಪು ಹೊರಟಿತು.

ಅಮ್ಮ ಜಗಲಿಯಲ್ಲೇ ಕುಸಿದಳು. ನೀರು ತರಲು ನಾನು ಒಳಗೋಡಿದೆ. ಅಕ್ಕ ಕನ್ನಡಿಯ ಮುಂದೆ ನಿಂತಿದ್ದಳು. ಹೆದರಿದ್ದಾಳೆಂದು ಕೈ ಹಿಡಿದುಕೊಂಡೆ. ಅವಳ ಮುಖ ಅರಳಿತ್ತು.

“ಕೇಳಿದ್ಯೇನೇ? ನನ್ನ ನೋಡಿ ಇಲ್ಲಿಯವಳಲ್ಲ ಅಂದ್ರಲ್ಲ!”