ಗುಂಡುತೋಪಿನ ಸೊಸೆ ಆಲ

ನಮ್ಮೂರಿನ ಗುಂಡುತೋಪಿಗೆ ಕಾಲಿಡುತ್ತಿದ್ದ ಹಾಗೆ ಎಡಗಡೆ ಸಿಗುವ ಮೊದಲನೇ ಹೊಂಗೆ ಮರಕ್ಕೆ ಜನ ‘ಸೊಸೆ ಆಲ’ ಅನ್ನುತ್ತಾರೆ. ಹೊಂಗೆಯನ್ನು ಯಾಕ್ರೀ ಆಲ ಅಂತೀರಿ ಎಂದು ಹೊಸಬರು ಕೇಳಿದರೆ, ನಾನು ಅಲ್ಲೇ ಇದ್ದರೆ ನನ್ನ ಕಡೆ ಕೈ ತೋರಿಸಿ ನಗುತ್ತಾರೆ. ಆ ಸೊಸೆ ನಾನೇ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು, ಈಗ ರೂಢಿಯಾಗಿದೆ.

ಗುಂಡುತೋಪು ಅಂದರೆ ದೊಡ್ಡ ಕಾಡೇನಲ್ಲ. ಊರಿಗೆಲ್ಲ ಸೇರಿದ ಒಂದಿಷ್ಟು ಮರಗಳು, ಅಷ್ಟೇ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಲ್ಲಿ ಮೇಕೆ ಮೇಯಿಸುತ್ತಿರುವವರು ಓಗೊಡುತ್ತಾರೆ. ಹುಣಸೆ, ಹೊಂಗೆ, ನೇರಳೆ, ಕಾಯಿ ಬಿಡುವುದನ್ನೇ ಮರೆತಿರುವ ನಾಲ್ಕು ಮುದಿ ಮಾವು, ಕೊನೆಯಲ್ಲಿ ಕೆರೆ ಏರಿಗೆ ತಗುಲಿಕೊಂಡಂತೆ ಒಂದು ಆಲ. ತೋಪು ದಾಟಿದರೆ ಕಡ್ಡಿ ನೆಟ್ಟ ಟೊಮೇಟೊ ಸಾಲುಗಳು, ಅದರಾಚೆ ಬಂಡೆಗುಡ್ಡ. ಗಾಳಿ ಆ ಕಡೆಯಿಂದ ಬೀಸಿದರೆ ನಂಗಲಿ ರಸ್ತೆಯ ಲಾರಿಗಳ ಹಾರನ್ ಕೇಳಿಸುತ್ತದೆ, ಈ ಕಡೆಯಿಂದ ಬೀಸಿದರೆ ನವಿಲು. ಎರಡೂ ಒಟ್ಟಿಗೆ ಕೇಳಿಸುವ ದಿನ ತಲೆನೋವು ಗ್ಯಾರಂಟಿ.

ನಾನು ಮಾಲೂರಿನವಳು. ಇಟ್ಟಿಗೆ ಗೂಡುಗಳ ಮಗ್ಗುಲಲ್ಲೇ ಬೆಳೆದೆ. ಇಟ್ಟಿಗೆಯನ್ನು ಬೆರಳಲ್ಲಿ ತಟ್ಟಿ ಬೆಂದಿದೆಯೋ ಇಲ್ಲವೋ ಹೇಳಬಲ್ಲೆ, ರೈಲು ಕೂಗಿದ್ದು ಕೇಳಿ ಗಂಟೆ ಎಷ್ಟು ಅಂತ ಹೇಳಬಲ್ಲೆ. ಆದರೆ ಮರ ಅಂದರೆ ನನಗೆ ಬರೀ ಮರ, ದನ ಅಂದರೆ ಬರೀ ದನ. ಮುಳಬಾಗಿಲು ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಮ್ಮತ್ತೆ ಅದನ್ನು ಮೊದಲನೇ ವಾರದಲ್ಲೇ ಕಂಡುಹಿಡಿದರು. ಕೊಟ್ಟಿಗೆಗೆ ಕಳಿಸಿದರೆ ಮೂಗು ಮುಚ್ಚಿಕೊಂಡು ಬರ್ತಾಳೆ ಅಂತ ಬೀದಿಗೆಲ್ಲ ಹೇಳಿದರು. ಮುಚ್ಚಿಕೊಳ್ಳದೆ ಇನ್ನೇನು ಮಾಡಲಿ ಅಂತ ನಾನೂ ಬೀದಿಗೆಲ್ಲ ಹೇಳಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅತ್ತೆಗೆ ನಾಲಿಗೆಯ ತುದಿಯಲ್ಲಿ. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿಯೇ ಹೊಂದಿಕೊಂಡಿತು.

ಅತ್ತೆ ಜನರ ಜೊತೆ ಕನ್ನಡದಲ್ಲಿ, ಹಸುವಿನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಬೈಯುವಾಗ ಮಾತ್ರ ಎರಡೂ. ಹಸುವನ್ನು ಗಡಿಯಾಚೆ ಪಲಮನೇರು ಕಡೆಯಿಂದ ಹೊಡೆದುಕೊಂಡು ಬಂದಿದ್ದು, ಅದಕ್ಕೆ ಕನ್ನಡ ತಿಳಿಯಲ್ಲ ಅನ್ನೋದು ಅವರ ವಾದ. ಕಪ್ಪು ಬಿಳುಪಿನ ಸೀಮೆಹಸು. ಮಾವನವರು ತಂದಿದ್ದು. ಅವರು ತೀರಿಕೊಂಡ ಮೇಲೆ ಅತ್ತೆ ಬೆಳಗ್ಗೆ ಸಂಜೆ ಅದರ ಪಕ್ಕದಲ್ಲೇ ಕೂತಿರುತ್ತಿದ್ದರು. ಹಾಲು ಕರೆದಾದ ಮೇಲೂ ಎದ್ದು ಬರುತ್ತಿರಲಿಲ್ಲ.

ಮಾವ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಸು ದಿನ ತುಂಬಿ ನಿಂತಿತ್ತು. ಅತ್ತೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು, ಕಾಲಿನ ಮೂಳೆಗೆ ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಹಾಕಿಸಿಕೊಂಡು, ಕೋಲು ಹಿಡಿದು ಓಡಾಡುತ್ತಿದ್ದರು. ಹಸುವಿಗೆ ನೋವು ಶುರುವಾಗಿದ್ದು ನಮ್ಮ ಮನೆಯವರು ಟೊಮೇಟೊ ಲೋಡಿನ ಜೊತೆ ವಡ್ಡಹಳ್ಳಿ ಮಂಡಿಗೆ ಹೋಗಿದ್ದ ದಿನವೇ. ಫೋನ್ ಮಾಡಿದರೆ, ‘ಅಮ್ಮ ಇದಾಳಲ್ಲ, ಅವಳು ಹೇಳ್ದಂಗೆ ಮಾಡು’ ಅಂತ ಇಟ್ಟುಬಿಟ್ಟರು. ಕರುವಿನ ಕಾಲು ಹೊರಗೆ ಕಾಣಿಸಿದ್ದೇ ನನ್ನ ಜೀವ ಬಾಯಿಗೆ ಬಂತು. ನಾನು ಕೊಟ್ಟಿಗೆಯ ಕಂಬ ತಬ್ಬಿಕೊಂಡು ನಿಂತೆ. ಅತ್ತೆ ಎರಡು ಸಲ ‘ಬಾರೇ ಈ ಕಡೆ’ ಅಂದರು. ಬರಲ್ಲ ಅಂತ ಗೊತ್ತಾದ ಮೇಲೆ ಕೋಲು ಬಿಸಾಕಿ, ಕುಂಟಿಕೊಂಡು ಹೋಗಿ, ತಾವೇ ಕರುವನ್ನು ಎಳೆದುಕೊಂಡು, ಹುಲ್ಲಿನಿಂದ ಅದರ ಮೂಗು ಬಾಯಿ ಒರೆಸಿದರು.

ಅಷ್ಟು ಹೊತ್ತಿಗೆ ಅವರಿಗೆ ನಿಲ್ಲಲೂ ಆಗದಷ್ಟು ನೋವು. ಮುಂದಿನ ಕೆಲಸ ನನ್ನ ತಲೆಗೆ ಬಂತು. ಕರು ಹಾಕಿದ ಮೇಲೆ ಹಸುವಿನಿಂದ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಗೋಣಿಚೀಲದಲ್ಲಿ ಮೂಟೆ ಕಟ್ಟಿ, ಆಲದ ಮರಕ್ಕೆ ನೇತುಹಾಕುವುದು ಈ ಕಡೆಯ ಪದ್ಧತಿ. ಆಲದ ಎಲೆ ಕಿತ್ತರೆ ಹಾಲು ಸುರಿಯುತ್ತದಲ್ಲ, ಹಸುವೂ ಹಾಗೇ ಸುರಿಸಲಿ ಅಂತ. ಮೂಟೆ ನಾಯಿಗಳ ಬಾಯಿಗೆ ಬಿದ್ದರೆ ಹಾಲು ಬತ್ತಿಹೋಗುತ್ತದಂತೆ. ‘ದಾರೀಲಿ ಯಾರ ಹತ್ರಾನೂ ಮಾತಾಡ್ಬೇಡ, ಎತ್ತರಕ್ಕೆ ಕಟ್ಟು, ಆಲಕ್ಕೇ ಕಟ್ಟು’ ಅಂತ ಅತ್ತೆ ಮೂರು ಸಲ ಹೇಳಿದರು. ನಾನೇನು ಮಗುವಾ ಅಂತ ಗೊಣಗಿಕೊಂಡು ಹೊರಟೆ.

ಊರು ದಾಟುವಷ್ಟರಲ್ಲಿ ಹಿಂದೆ ಒಂದು ನಾಯಿ ಇತ್ತು. ತೋಪಿನ ಬಾಯಿಗೆ ಬರುವಷ್ಟರಲ್ಲಿ ನಾಲ್ಕು. ಮೂಟೆಯಿಂದ ತೊಟ್ಟಿಕ್ಕುತ್ತಿತ್ತು, ಗಬ್ಬು ವಾಸನೆ ಬೇರೆ, ಹಚಾ ಅಂದರೆ ಆ ನಾಯಿಗಳು ಬಾಲ ಅಲ್ಲಾಡಿಸುತ್ತಿದ್ದವು. ಕೆರೆ ಏರಿಯ ಆಲ ಆ ಕೊನೆಯಲ್ಲಿ. ಒಂದು ನಾಯಿ ಸೀರೆ ಅಂಚಿಗೆ ಮೂಗು ತಾಗಿಸಿತು ನೋಡಿ, ಪದ್ಧತಿ ಗಿದ್ಧತಿ ಎಲ್ಲ ಮರೆತುಹೋಯಿತು. ಎದುರಿಗೆ ಸಿಕ್ಕಿದ ಮರದ ಬುಡದ ಕಲ್ಲು ಹತ್ತಿ, ಕವೆಗೆ ಮೂಟೆ ಸಿಕ್ಕಿಸಿ, ಹಗ್ಗವನ್ನು ಏಳೆಂಟು ಸುತ್ತು ಸುತ್ತಿ, ಓಡಿ ಬಂದೆ.

‘ಕಟ್ಟಿದೆಯೇನೇ?’ ಅಂದರು ಅತ್ತೆ.

‘ಕಟ್ಟಿದೆ.’

‘ಆಲಕ್ಕೇ ತಾನೇ?’

‘ಇನ್ಯಾವುದಕ್ಕೆ ಕಟ್ಲಿ?’ ಅಂದೆ, ಸ್ವಲ್ಪ ಜೋರಾಗಿಯೇ. ತಪ್ಪು ಮಾಡಿದಾಗ ನನ್ನ ದನಿ ಏರುತ್ತದೆ, ಹುಟ್ಟುಗುಣ.

ಮೊದಲ ಎರಡು ದಿನ ಗಿಣ್ಣು ಆಯಿತು, ಅಕ್ಕಪಕ್ಕಕ್ಕೆ ಹಂಚಿದ್ದೂ ಆಯಿತು. ಮೂರನೇ ದಿನದಿಂದ ಹಸು ಹಟ ಹಿಡಿಯಿತು. ಕೆಚ್ಚಲು ತುಂಬಿದೆ, ಹಾಲು ಮಾತ್ರ ಬಿಡದು. ಅತ್ತೆಯ ಬದಲು ನಾನು ಕರೆಯಲು ಕೂತರೆ ಒದೆಯುವುದು, ಚೊಂಬು ಉರುಳಿಸುವುದು. ಕರುವಿಗೆ ಆಗುವಷ್ಟು ಇಳಿಸಿ, ನನ್ನನ್ನು ಕಂಡರೆ ಬಿಗಿ ಹಿಡಿದುಬಿಡುತ್ತಿತ್ತು. ಡೈರಿಗೆ ತಗೊಂಡು ಹೋಗುವ ಕ್ಯಾನಿನ ತಳ ಮುಚ್ಚುತ್ತಿರಲಿಲ್ಲ. ದನದ ಡಾಕ್ಟರು ಬಂದು ಕೆಚ್ಚಲು ಮುಟ್ಟಿ ನೋಡಿದರು. ಬಾವಿಲ್ಲ, ಜ್ವರವಿಲ್ಲ. ‘ಯಾವಾಗ್ಲೂ ನೀವೇನಾ ಕರೆಯೋದು?’ ಅಂದರು. ‘ಇಲ್ಲ, ನಮ್ಮತ್ತೆ. ಅವರಿಗೆ ಕಾಲು ಸರಿಯಿಲ್ಲ’ ಅಂದೆ. ಹೂಂ ಅಂದು ಕೈ ತೊಳೆದುಕೊಂಡು ಹೋದರು.

ಕಾಲು ಸರಿಯಿಲ್ಲ ಅಂತ ನಾನೇನೋ ಹೇಳಿದೆ. ಆದರೆ ಅದೇ ಕಾಲಿನಲ್ಲಿ ಅತ್ತೆ ಕೋಲೂರಿಕೊಂಡು ಬೀದಿ ಕೊನೆಯ ಅಂಗಡಿಯವರೆಗೂ ಹೋಗಿಬರುತ್ತಿದ್ದರು. ಕೊಟ್ಟಿಗೆಯ ಕಡೆಗೆ ಮಾತ್ರ ತಲೆ ಹಾಕುತ್ತಿರಲಿಲ್ಲ. ಹಸು ಕೂಗಿದರೆ ಮುಖ ಆ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು. ನನ್ನನ್ನು ಬೈಯುವುದನ್ನೂ ಕಮ್ಮಿ ಮಾಡಿದ್ದರು. ನನಗೋ ನನ್ನ ಮೂಟೆಯದ್ದೇ ಚಿಂತೆ, ಅದನ್ನೆಲ್ಲ ಯೋಚಿಸಲು ಪುರುಸೊತ್ತಿಲ್ಲ.

ದಿನಾ ಏನಾದರೊಂದು ನೆಪ ಹೇಳಿ ತೋಪಿಗೆ ಹೋಗಿ ಮೂಟೆ ಇದೆಯಾ ಅಂತ ನೋಡಿ ಬರುತ್ತಿದ್ದೆ. ಆಗ ತೋಪಿನಲ್ಲಿ ಹುಣಸೆ ಕಾಯಿ ಬಡಿಸುವ ಕಾಲ. ಬಡಿಸುತ್ತಿದ್ದವರು ಮುಳಬಾಗಿಲಿನ ಒಬ್ಬ ಸಾಬರು, ಬಿಳಿ ಗಡ್ಡದ ತಾತ. ಪ್ರತಿವರ್ಷ ಫಸಲು ಗುತ್ತಿಗೆ ಹಿಡಿದು, ಮುಗಿಯುವ ತನಕ ಹಗಲೆಲ್ಲ ಮರದ ಕೆಳಗೇ ಇರುತ್ತಿದ್ದರು. ಸುಮ್ಮನೆ ನಿಂತರೆ ಅನುಮಾನ ಬರುತ್ತದೆ ಅಂತ ಅವರನ್ನು ಮಾತಾಡಿಸುತ್ತಿದ್ದೆ. ಇದ್ಯಾವ ಮರ ತಾತ, ಅದ್ಯಾವ ಮರ ತಾತ. ಅವರು ತಾಳ್ಮೆಯಿಂದ ಹೇಳುತ್ತಿದ್ದರು. ನೇರಳೆ ತೊಗಟೆ ಮುಟ್ಟಿಸಿದರು, ಬೇವಿಗೂ ಹೆಬ್ಬೇವಿಗೂ ಇರುವ ವ್ಯತ್ಯಾಸವನ್ನು ಎಲೆ ಕಿತ್ತು ತೋರಿಸಿದರು. ಹತ್ತು ದಿನದಲ್ಲಿ ನನಗೆ ತೋಪಿನ ಎಲ್ಲ ಮರಗಳ ಗುರುತು ಸಿಕ್ಕಿತು. ಹೊಂಗೆ ಚಿಗುರು ಬಿಸಿಲಿಗೆ ಮಿರಮಿರ ಅನ್ನುವುದನ್ನು ನೋಡುತ್ತಾ ಬಂದ ಕೆಲಸವನ್ನೇ ಮರೆತು ನಿಂತಿದ್ದೂ ಉಂಟು.

ಒಂದು ಮಧ್ಯಾಹ್ನ ತಾತ ತಾವಾಗಿಯೇ ಕೇಳಿದರು. ‘ಅಮ್ಮಾ, ಹೊಂಗೇಲಿರೋ ಆ ಮೂಟೆ ನಿಮ್ದೇನಾ?’

ನಮ್ದೇ ಅಂದೆ.

‘ಹೊಂಗೇಲಿ ಹಾಲೆಲ್ಲಿ ಬರುತ್ತಮ್ಮಾ, ಎಣ್ಣೆ ಬರುತ್ತೆ’ ಅಂದರು. ನಗಲಿಲ್ಲ, ಪಾಪ, ಕಾಳಜಿಯಿಂದಲೇ ಹೇಳಿದರು. ‘ನಾಳೆ ಏಣಿ ತರ್ತೀನಿ. ತೆಗ್ದು ಆಲಕ್ಕೆ ಕಟ್ಟೋಣ. ಯಾರಿಗೂ ಹೇಳಲ್ಲ.’

ಅಬ್ಬ, ಬದುಕಿದೆ ಅಂದುಕೊಂಡು ಮನೆಗೆ ಬಂದರೆ, ಅಂಗಳದಲ್ಲಿ ಅತ್ತೆ ಹುಣಸೆಹಣ್ಣು ರಾಶಿ ಹಾಕಿಕೊಂಡು, ಕಲ್ಲಿನಲ್ಲಿ ಜಜ್ಜಿ ಬೀಜ ತೆಗೆಯುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು. ‘ನಂಗಲಿ ದಲ್ಲಾಳಿಗೆ ಹೇಳಿ ಕಳಿಸಿದೀನಿ. ನಾಳೆ ಬೆಳಗ್ಗೆ ಬರ್ತಾನೆ. ಹಸು ಕರು ಎರಡೂ ಹೊಡ್ಕೊಂಡು ಹೋಗ್ಲಿ.’

‘ಯಾಕತ್ತೆ? ಮಾವ ತಂದಿದ್ದಲ್ವಾ ಅದು?’

‘ಅದಕ್ಕೇ ಹೋಗ್ಲಿ. ಎಲ್ಲಾದರೂ ಚೆನ್ನಾಗಿರ್ಲಿ.’

ಒಳಗೆ ಹೋಗಿ ನೀರು ಕುಡಿದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ತಾತ ಹೇಳುವವರಲ್ಲ. ಆದರೆ ನಾಳೆ ಬೆಳಗ್ಗೆ ಖಾಲಿ ಗೂಟ ನೋಡಿಕೊಂಡು ಈ ಮುದುಕಿ ಹೇಗೆ ಕೂರುತ್ತಾಳೆ ಅಂತ ನೆನೆದವಳೇ ಚೊಂಬು ಕೆಳಗಿಟ್ಟೆ. ಹೊರಗೆ ಬಂದು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಒಂದೇ ಉಸಿರಿಗೆ ಹೇಳಿಬಿಟ್ಟೆ. ‘ಅತ್ತೆ, ನಾನು ಆಲಕ್ಕೆ ಕಟ್ಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದ್ವು. ಹೊಂಗೆಗೆ ಕಟ್ಟಿ ಬಂದುಬಿಟ್ಟೆ. ನಿಮ್ಮ ಹತ್ರ ಸುಳ್ಳು ಹೇಳಿದೆ.’

ಜಜ್ಜುವ ಕಲ್ಲು ನಿಂತಿತು. ಈಗ ಬೀಳುತ್ತೆ ಎರಡೂ ಭಾಷೆಯಲ್ಲಿ ಅಂತ ಕಾದೆ.

‘ಹೊಂಗೆಗಾ?’

‘ಹೂಂ.’

‘ಅವತ್ತಿಂದಾನೂ ಹೊಂಗೇಲೇ ಇದೆಯಾ?’

‘ಹೂಂ ಅತ್ತೆ.’

‘ಹಂಗಾದ್ರೆ ನನ್ನಿಂದ ಅಲ್ಲ’ ಅಂದರು.

ನನಗೆ ಅರ್ಥವಾಗಲಿಲ್ಲ. ಏನು ನಿಮ್ಮಿಂದ ಅಲ್ಲ ಅಂದೆ. ಅವರು ಹುಣಸೆ ಅಂಟಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ‘ಗಂಡ ಹೋಗಿ ವರ್ಷ ಆಗಿಲ್ಲ. ಹುಟ್ಟಿದ ಕರು ಮೊದ್ಲು ಮುಟ್ಟಿದ್ದು ಈ ಕೈಯೇ ಅಲ್ವೇನೇ. ನನ್ನ ಕೈ ತಾಗಿ ಹಾಲು ಹೋಯ್ತು ಅಂತ ತಿಳ್ಕೊಂಡಿದ್ದೆ. ಅದಕ್ಕೇ ಆ ಕಡೆ ಹೋಗ್ಲಿಲ್ಲ. ನನ್ನ ನೆರಳೂ ಅದರ ಮೇಲೆ ಬೀಳೋದು ಬೇಡ ಅಂತ.’

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಮಾವ ಹೋದ ದಿನವೂ ನಾನು ಅವರನ್ನು ಹಾಗೆ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು, ಸಂಕಟವಾಯಿತು, ಕೋಪವೂ ಬಂತು. ಕಂಬ ತಬ್ಬಿಕೊಂಡು ನಿಂತವಳು ನಾನು, ಕರುವನ್ನು ಉಳಿಸಿದವರು ಅವರು, ಅಷ್ಟೂ ದಿನ ಪಾಪ ಹೊತ್ತುಕೊಂಡು ಕೂತವರೂ ಅವರೇ. ಆಲವೂ ಇಲ್ಲ ಹೊಂಗೆಯೂ ಇಲ್ಲ, ಕೈ ತಾಗಿ ಹಾಲು ಹೋಗೋದು ಅಂದರೇನು, ಎಲ್ಲ ಬುರುಡೆ ಅಂತ ಹೇಳಲು ಬಾಯಿ ತೆರೆದೆ. ತೆರೆದವಳು ಹಾಗೇ ಮುಚ್ಚಿಕೊಂಡೆ. ಹೊಂಗೆಯದು ತಪ್ಪಿಲ್ಲ ಅಂದರೆ, ತಪ್ಪು ಮತ್ತೆ ಅವರ ಕೈಗೇ ಹೋಗಿ ಕೂರುತ್ತಿತ್ತು.

‘ಎಲ್ಲಾ ಆ ಹೊಂಗೆದೇ ಅತ್ತೆ’ ಅಂದೆ. ‘ನಂದು, ಹೊಂಗೆದು.’

ಬೆಳಗ್ಗೆ ದಲ್ಲಾಳಿಗೆ ಕಾಫಿ ಕೊಟ್ಟು ವಾಪಸ್ ಕಳಿಸಿ, ಅತ್ತೆ ಕೋಲೂರಿಕೊಂಡು ನನ್ನ ಜೊತೆ ತೋಪಿಗೆ ಬಂದರು. ದಾರಿಯುದ್ದಕ್ಕೂ ಬೈಗುಳ, ಹಳೇ ಬಾಕಿಯೆಲ್ಲ ಸೇರಿಸಿ. ಇಷ್ಟು ಹಿತವಾಗಿ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ. ತಾತ ಏಣಿ ಹಿಡಿದುಕೊಂಡರು, ನಾನು ಹತ್ತಿದೆ. ಮೂಟೆ ಒಣಗಿ ಹಪ್ಪಳವಾಗಿತ್ತು, ವಾಸನೆಯೂ ಹೋಗಿತ್ತು. ನನ್ನ ಏಳೆಂಟು ಸುತ್ತು ಬಿಚ್ಚಲಾಗದೆ ಕುಡುಗೋಲಿನಿಂದ ಹಗ್ಗ ಕೊಯ್ಯಬೇಕಾಯಿತು. ಅಲ್ಲಿಂದ ಮೂವರೂ ಕೆರೆ ಏರಿಯವರೆಗೆ ಮೆರವಣಿಗೆ ಹೋಗಿ ಆಲಕ್ಕೆ ಕಟ್ಟಿದೆವು.

ಅವತ್ತು ಸಂಜೆ ಅತ್ತೆ ಕೊಟ್ಟಿಗೆಗೆ ಹೋದರು. ಮಣೆ ಎಳೆದುಕೊಂಡು ಕೂತು, ಕಟ್ಟು ಹಾಕಿದ ಕಾಲು ಪಕ್ಕಕ್ಕೆ ಚಾಚಿ, ‘ವುಂಡು ತಲ್ಲಿ, ವುಂಡು’, ಇರಮ್ಮಾ ಇರು, ಅಂತ ತೆಲುಗಿನಲ್ಲಿ ಶುರುಮಾಡಿದರು. ಹಸು ಕತ್ತು ತಿರುಗಿಸಿ ಅವರ ಬೆನ್ನು ಮೂಸಿ, ಭುಜ ನೆಕ್ಕಿತು. ಚೊಂಬು ಸಾಲದೆ ನಾನು ಒಳಗಿನಿಂದ ಬಕೆಟ್ ತರಬೇಕಾಯಿತು.

‘ನೋಡಿದ್ಯಾ? ಆಲ ಅಂದ್ರೆ ಆಲ’ ಅಂದರು. ಡಾಕ್ಟರು ಕೇಳಿದ ಪ್ರಶ್ನೆ ನನಗೆ ನೆನಪಾಯಿತು. ‘ಹೂಂ ಅತ್ತೆ’ ಅಂದೆ.

ಮರುದಿನದಿಂದ ಡೈರಿಯಲ್ಲಿ, ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದೇ ಕಥೆ. ತೋಪಿನ ಮುಂದೆ ಯಾರು ಜೊತೆಗಿದ್ದರೂ ನಿಲ್ಲಿಸಿ ಆ ಹೊಂಗೆ ತೋರಿಸಿ, ‘ಇದು ನಮ್ಮ ಸೊಸೆ ಆಲ’ ಅನ್ನುವರು. ಹೆಸರು ಹಾಗೇ ಅಂಟಿಕೊಂಡಿತು. ನಾನು ತಿರುಗಿ ಒಂದು ಮಾತೂ ಆಡಲಿಲ್ಲ. ನಿನ್ನ ಬಾಯಿಗೆ ಏನಾಯ್ತು ಅಂತ ನಮ್ಮ ಮನೆಯವರಿಗೇ ಆಶ್ಚರ್ಯ.

ಮುಂದಿನ ವರ್ಷ ಹಸು ಮತ್ತೆ ಕರು ಹಾಕಿತು. ಬೆಳಗಿನ ಹೊತ್ತು, ಉಪ್ಪಿಟ್ಟು ತಿಂದು ತಟ್ಟೆ ತೊಳೆದಿಟ್ಟಿದ್ದೆವು ಅಷ್ಟೇ. ಅತ್ತೆಯ ಕಾಲು ಚೆನ್ನಾಗಿಯೇ ಇತ್ತು. ಆದರೂ ಕೊಟ್ಟಿಗೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ‘ನೀನು ಮುಟ್ಟು ಮೊದ್ಲು. ಈಗ ಹೆದರಿಕೆ ಇಲ್ವಲ್ಲ’ ಅಂದರು.

ಹೆದರಿಕೆ ಇರಲಿಲ್ಲ, ನಿಜ. ‘ಬಂದೆ, ಒಂದ್ನಿಮಿಷ’ ಅಂತ ಅಡುಗೆಮನೆಗೆ ಓಡಿದೆ. ರಾಗಿಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಎರಡೂ ಕೈ ಅದ್ದಿಕೊಂಡು ಬಂದು ಅವರ ಮುಂದೆ ಚಾಚಿ ನಿಂತೆ. ‘ಅತ್ತೆ, ಮುದ್ದೆಗೆ ಹಿಟ್ಟು ತೆಗೀತಿದ್ದೆ. ಕೈಯೆಲ್ಲಾ ಹಿಟ್ಟು. ನೀವೇ ಎತ್ಕೊಳ್ಳಿ ಬೇಗ.’

ಅವರು ನನ್ನ ಕೈ ನೋಡಿದರು, ಮುಖ ನೋಡಿದರು. ‘ಉಪ್ಪಿಟ್ಟು ತಿಂದ ಮೇಲೆ ಮುದ್ದೆಯೇನೇ?’

‘ಹೂಂ’ ಅಂದೆ, ಸ್ವಲ್ಪ ಜೋರಾಗಿಯೇ.

ಅತ್ತೆ ಸೆರಗಿನಿಂದ ಕೈ ಹೊರಗೆ ತೆಗೆದು, ಒಳಗೆ ಹೋಗಿ, ಕರುವಿನ ಪಕ್ಕ ಕೂತು ಅದರ ಮೂಗು ಒರೆಸಿದರು. ಆಮೇಲೆ ನನ್ನ ಕಡೆ ನೋಡದೆಯೇ, ‘ಹೆಣ್ಣುಗರು ಕಣೇ’ ಅಂದರು.