ಅಪ್ಪ ಕಂಡ ಯೀಸ್ಟ್

ಅಪ್ಪ ಅಬಕಾರಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕಳ್ಳಭಟ್ಟಿ ಹುಡುಕುವುದು, ಬೆಲ್ಲದ ಕೊಳೆ ತುಂಬಿದ ಕೊಡಗಳನ್ನು ಒಡೆಸಿ ಚೆಲ್ಲಿಸುವುದು, ಇದರಲ್ಲೇ ಅವರ ಸರ್ವಿಸ್ಸು ಕಳೆಯಿತು. ಭಟ್ಟಿಗೆ ಹಾಕುವ ಮೊದಲು ಬೆಲ್ಲದ ನೀರು ಹುಳಿತು ನೊರೆಯೇಳುತ್ತದಲ್ಲ, ಅದೇ ಕೊಳೆ. ಅಪ್ಪ ಒಂದು ತೊಟ್ಟೂ ಕುಡಿದವರಲ್ಲ.

ಹೋದ ವರ್ಷ ಬೇಸಿಗೆಯ ಕೊನೆಗೆ ಅವರು ನಾಟಿಂಗ್‌ಹ್ಯಾಮ್‌ಗೆ, ನಮ್ಮಲ್ಲಿಗೆ ಬಂದರು. ಆಸ್ಪತ್ರೆಯ ಲ್ಯಾಬ್‌ನಲ್ಲಿ ನನ್ನ ಡ್ಯೂಟಿಯ ಪಾಳಿ ಬಿಡುವು ಕೊಡುತ್ತಿರಲಿಲ್ಲ. ಅವರಿಗೆ ಜೊತೆಯಾದವರು ಪಕ್ಕದ ಮನೆಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಮೇಷ್ಟ್ರು ವರ್ಷಾವರ್ಷ ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತು ವೈನ್ ಮಾಡುತ್ತಿದ್ದರು.

ಒಂದು ಶನಿವಾರ ನಮ್ಮಿಬ್ಬರನ್ನೂ ಗ್ಯಾರೇಜಿಗೆ ಕರೆದರು. ಬಕೆಟ್‌ನಲ್ಲಿ ಕಿವುಚಿದ ಹಣ್ಣು, ಸಕ್ಕರೆ ನೀರು. ಪಕ್ಕದಲ್ಲಿ ಮೂರು ಯೀಸ್ಟ್ ಪೊಟ್ಟಣ. ಇದನ್ನು ಭಟ್ಟಿ ಇಳಿಸುತ್ತೀರಾ ಎಂದು ಅಪ್ಪ ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿಯೇಬಿಟ್ಟರು. ನನಗೆ ಮುಜುಗರವಾಯಿತು. ಮೇಷ್ಟ್ರು ನಕ್ಕು, ಮನೆಮಟ್ಟಿಗೆ ವೈನ್ ಮಾಡಬಹುದು, ಭಟ್ಟಿಗೆ ಲೈಸೆನ್ಸ್ ಬೇಕು, ಆ ಗೊಡವೆಗೆ ತಾನು ಹೋಗುವುದಿಲ್ಲ ಎಂದರು. ಅಪ್ಪನಿಗೆ ಸಮಾಧಾನವಾಯಿತು.

ಆಮೇಲೆ ಮೇಷ್ಟ್ರು ಯೀಸ್ಟ್ ಆರಿಸುವ ಬಗೆ ವಿವರಿಸಿದರು. ಬ್ರೆಡ್ಡಿನ ಯೀಸ್ಟ್ ಮದ್ಯದ ಅಂಶ ಏರುತ್ತಿದ್ದಂತೆ ಸೋತುಬಿಡುತ್ತದೆ. ಎರಡನೆಯದು ಭಟ್ಟಿಯವರಿಗೆ ಪ್ರಿಯ. ಎರಡು ಮೂರು ದಿನದಲ್ಲೇ ಕೆಲಸ ಮುಗಿಸುತ್ತದೆ, ರುಚಿ ಕೆಡಿಸುತ್ತದೆ. ಶಾಂಪೇನಿನದು ನಿಧಾನ, ಆದರೆ ಕೊನೆಯತನಕ ತಾಳುತ್ತದೆ. ಅದನ್ನೇ ಉದುರಿಸಿದರು. ಮೇಲೊಂದು ಚಮಚ ಬಿಳಿ ಪುಡಿ ಹಾಕಿದರು. ಅಮೋನಿಯಂ ಲವಣ, ಯೀಸ್ಟಿಗೆ ಆಹಾರ; ಬರೀ ಸಕ್ಕರೆ ತಿಂದರೆ ಅದಕ್ಕೆ ಮೈ ಕಟ್ಟದು ಎಂದರು.

ಅಪ್ಪ ಪುಡಿಯ ಡಬ್ಬಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಓದಿದರು.

"ನಮ್ಮ ಕಡೆ ಕೊಳೆಗೆ ನವಸಾಗರ ಹಾಕ್ತಿದ್ರಮ್ಮ," ಎಂದು ನನಗೆ ಹೇಳಿದರು. "ಅದೂ ಅಮೋನಿಯಾನೇ. ಕಿಕ್ ಬರ್ಲಿ ಅಂತ ವಿಷ ಬೆರೆಸ್ತಾರೆ ಅಂತ ಪ್ರತಿ ಮಹಜರಲ್ಲೂ ಬರೀತಿದ್ದೆ. ಕುಡಿದು ಸತ್ತೋರನ್ನ ನೋಡಿದೀನಿ, ಅದು ಸುಳ್ಳಲ್ಲ. ಆದ್ರೆ ಒಂದ್ಸಲ ಒಬ್ಬ ಮುದುಕೀನ ಕೇಳ್ದೆ, ಇದ್ಯಾಕಮ್ಮ ಹಾಕ್ತೀಯ ಅಂತ. ಅದಕ್ಕೂ ಹಸಿವಿರ್ತದೆ ಸ್ವಾಮಿ ಅಂದ್ಲು. ನನ್ನನ್ನ ಗೇಲಿ ಮಾಡ್ತಿದಾಳೆ ಅಂದ್ಕೊಂಡೆ."

ಮೇಷ್ಟ್ರಿಗೆ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ. ಓದು ಬರಹ ಇಲ್ಲದ ಹೆಂಗಸೇ ಎಂದು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. ನಾಳೆ ಮತ್ತೆ ಬನ್ನಿ ಎಂದರು ಮೇಷ್ಟ್ರು.

ಮರುದಿನ ಅವರು ತಮ್ಮ ಹಳೆಯ ಮೈಕ್ರೋಸ್ಕೋಪ್ ತೆಗೆದು, ಬಕೆಟ್ಟಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟರು. ಅಪ್ಪ ಕನ್ನಡಕ ತೆಗೆದು ಬಗ್ಗಿದರು. ಎಷ್ಟು ಹೊತ್ತಾದರೂ ತಲೆಯೆತ್ತಲಿಲ್ಲ. ಬೆನ್ನು ನೋಯುತ್ತದೆ ಎಂದು ಕುರ್ಚಿ ಎಳೆದುಕೊಟ್ಟೆ, ಕೂರಲಿಲ್ಲ.

"ಮೊಗ್ಗು ಬಿಡ್ತಿದಾವಮ್ಮ," ಎಂದರು ಮೆಲ್ಲಗೆ. "ಒಂದೊಂದ್ರ ಪಕ್ಕದಲ್ಲೂ ಇನ್ನೊಂದು ಪುಟ್ಟದು. ಇಷ್ಟು ಜೀವ ಇತ್ತಾ ಆ ಕೊಡಗಳಲ್ಲಿ?"

ನಾನೂ ನೋಡಿದೆ. ಲ್ಯಾಬ್‌ನಲ್ಲಿ ಯೀಸ್ಟ್ ಕಂಡರೆ ರಿಪೋರ್ಟಿನಲ್ಲಿ ಒಂದು ಸಾಲು ಬರೆದು ಮುಂದಿನ ಸ್ಲೈಡಿಗೆ ಹೋಗುವವಳು ನಾನು. ಆ ದಿನ ಕಣ್ಣು ಕೀಳಲಾಗಲಿಲ್ಲ. ಅಪ್ಪ ಪಕ್ಕದಲ್ಲೇ ನಿಂತು, ತಮ್ಮ ಸರದಿಗೆ ಕಾಯುತ್ತಿದ್ದರು.